"ಅವರ ಜಾಯಮಾನವೇ ಅಷ್ಟು" ಅನ್ನುವ ಮುಂಚೆ

ಗೌರಿಹಬ್ಬಕ್ಕೆ ಎರಡು ದಿನ ಇತ್ತು. ನಮ್ಮ ಬೀದಿ ತಿರುವಿನ ಟೈಲರ್ ಅಂಗಡಿ ಮುಂದೆ ನಾನು ಮೂರನೇ ಸಲ ನಿಂತಿದ್ದೆ. ಎರಡು ರವಿಕೆ ಹೊಲಿಯಲು ಕೊಟ್ಟು ಮೂರು ವಾರವಾಗಿತ್ತು ಅಂತ ನನ್ನ ಲೆಕ್ಕ. ಆತ ಮೆಷಿನ್‌ನಿಂದ ತಲೆ ಎತ್ತದೆ, "ನಾಳೆ ಸಾಯಂಕಾಲ ಬಂದ್ಬಿಡಿ ಅಕ್ಕ, ಪಕ್ಕಾ" ಅಂದರು. ಮೊದಲ ಸಲವೂ ಇದೇ ಮಾತು, ಎರಡನೇ ಸಲವೂ ಇದೇ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಅತ್ತೆಗೆ ಹೇಳಿದೆ, "ಆ ಮನುಷ್ಯನ ಜಾಯಮಾನವೇ ಅಷ್ಟು. ಬಾಯಿ ಬಿಟ್ಟರೆ ಸುಳ್ಳು."

ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. "ಹೋದ ವರ್ಷ ಮದುವೆಗೆ ಹೇಳಿದ ದಿನಕ್ಕೇ ಕೊಟ್ಟಿದ್ನಲ್ಲೇ" ಅಂದರು. ಅಷ್ಟೇ ಮಾತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಟ್ಟಂತೂ ಇಳಿಯಲಿಲ್ಲ.

ಪದವಿಯಲ್ಲಿ ಮನಶ್ಶಾಸ್ತ್ರ ಓದಿದವಳು ನಾನು. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ಹೇಗೆ ಕಾರಣ ಕಟ್ಟುತ್ತಾರೆ ಅನ್ನುವ ಅಧ್ಯಾಯವನ್ನು ಪರೀಕ್ಷೆಗೆ ಉರು ಹೊಡೆದಿದ್ದೆ, ಒಳ್ಳೆಯ ಅಂಕವೂ ಬಂದಿತ್ತು. ಅದನ್ನು ಒಬ್ಬ ಟೈಲರ್ ಮೇಲೆ ಬಳಸಬಹುದು ಅಂತ ಇಪ್ಪತ್ತು ವರ್ಷ ಹೊಳೆದಿರಲಿಲ್ಲ. ಅತ್ತೆ ಆ ಅಧ್ಯಾಯ ಓದಿದವರಲ್ಲ, ಆದರೆ ಅವರು ಎತ್ತಿದ ಪ್ರಶ್ನೆ ನೇರವಾಗಿ ಅಲ್ಲಿಂದಲೇ ಬಂದ ಹಾಗಿತ್ತು.

ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಫ್ರಿಟ್ಜ್ ಹೈಡರ್ 1958ರಲ್ಲಿ ಈ ವಿಚಾರಕ್ಕೆ ಬುನಾದಿ ಹಾಕಿದರು. ಯಾರು ಏನೇ ಮಾಡಲಿ, ನಾವೆಲ್ಲ ಅದಕ್ಕೊಂದು ಕಾರಣ ಹುಡುಕಿಯೇ ತೀರುತ್ತೇವೆ. ಆ ಕಾರಣವನ್ನು ಒಂದೋ ಮನುಷ್ಯನ ಒಳಗೆ ಇಡುತ್ತೇವೆ, ಇಲ್ಲವೇ ಹೊರಗಿನ ಪರಿಸ್ಥಿತಿಯಲ್ಲಿ ಇಡುತ್ತೇವೆ. ಈ ಚಾಳಿ ಎಷ್ಟು ಆಳದ್ದು ಅಂದರೆ, 1944ರಲ್ಲಿ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎರಡು ತ್ರಿಕೋನ, ಒಂದು ವೃತ್ತ ಅತ್ತಿತ್ತ ಓಡಾಡುವ ಪುಟ್ಟ ಚಿತ್ರ ತೋರಿಸಿದಾಗ, ನೋಡಿದವರು ದೊಡ್ಡ ತ್ರಿಕೋನವನ್ನು ಜಗಳಗಂಟ ಅಂದರು, ವೃತ್ತ ಹೆದರಿದೆ ಅಂದರು. ಜ್ಯಾಮಿತಿಗೇ ಬುದ್ಧಿ, ಭಯ ಅಂಟಿಸುವವರು ಟೈಲರ್‌ನ ಬಿಡುತ್ತೇವೆಯೇ?

ಕಾರಣ ಹುಡುಕುವುದರಲ್ಲಿ ತಪ್ಪಿಲ್ಲ. ತಾಪತ್ರಯ ಇರುವುದು ಅದನ್ನು ಎಲ್ಲಿ ಇಡುತ್ತೇವೆ ಅನ್ನುವುದರಲ್ಲಿ. "ಅವನು ಸುಳ್ಳ" ಅಂದ ಕೂಡಲೇ ನನಗೆ ಮಾಡಲು ಏನೂ ಉಳಿಯಲಿಲ್ಲ. ಬೈಯಬಹುದು, ಇಲ್ಲ ಟೈಲರ್ ಬದಲಾಯಿಸಬಹುದು. ಹಬ್ಬಕ್ಕೆ ಎರಡು ದಿನ ಇರುವಾಗ ಎರಡೂ ಉಪಯೋಗಕ್ಕೆ ಬಾರದವು. ಕಾರಣ ಬೇರೆಲ್ಲಾದರೂ ಇದ್ದಿದ್ದರೆ ಅದಕ್ಕೊಂದು ಹಿಡಿ ಸಿಗುತ್ತಿತ್ತು. ಕೊನೆಗೆ ಸಿಕ್ಕಿತು ಕೂಡ, ಆ ಕಥೆ ಮುಂದೆ ಬರುತ್ತದೆ. ಅಂದಿನಿಂದ ನಾನು ಮಾಡಿಕೊಂಡು ಬಂದಿರುವ ಕ್ರಮ ಇದು.

ಮೊದಲು ಕ್ರಿಯಾಪದ ಕೇಳಿಸಿಕೊಳ್ಳಿ

ನನ್ನ ಕೈಯಿಂದ ಗಾಜಿನ ಲೋಟ ಜಾರಿದರೆ ನಾನು ಹೇಳುವುದು "ಲೋಟ ಒಡೆದುಹೋಯ್ತು". ಕೆಲಸದವಳ ಕೈಯಿಂದ ಜಾರಿದರೆ "ಲೋಟ ಒಡೆದುಹಾಕಿದಳು". ನನಗೆ "ತಡ ಆಯ್ತು", ಅವನು "ತಡ ಮಾಡಿದ". ನನಗೆ "ಮರೆತುಹೋಯ್ತು", ಮಗಳು "ಮರೆತುಬಿಟ್ಟಳು". ಹಾಲು ನಾನು ಒಲೆ ಮುಂದೆ ಇದ್ದಾಗ ತಾನಾಗಿ "ಉಕ್ಕುತ್ತದೆ", ಗಂಡ ಇದ್ದಾಗ ಅವರು "ಉಕ್ಕಿಸುತ್ತಾರೆ". ಆಗುವುದಕ್ಕೂ ಮಾಡುವುದಕ್ಕೂ ಕನ್ನಡದಲ್ಲಿ ಎಷ್ಟು ಸಲೀಸಾದ ಎರಡು ದಾರಿ ಇದೆ ನೋಡಿ! ಅಪರಾಧಿ ಯಾರು ಅನ್ನುವ ತೀರ್ಪು ವಾಕ್ಯ ಮುಗಿಯುವಷ್ಟರಲ್ಲಿ ಬಂದಿರುತ್ತದೆ, ಹೇಳಿದವರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಸಿಟ್ಟು ಬಂದಾಗ ಮೊದಲ ಕೆಲಸ, ನಡೆದಿದ್ದನ್ನು ಒಂದೇ ವಾಕ್ಯದಲ್ಲಿ ಬರೆಯುವುದು. ಹಾಲಿನ ಲೆಕ್ಕದ ಕ್ಯಾಲೆಂಡರ್ ಹಿಂದೆ ಬರೆದರೂ ಸಾಕು. ಬರೆದ ಮೇಲೆ ಗುಣ ಹೇಳುವ ಪದಗಳನ್ನೆಲ್ಲ ಹೊಡೆದುಹಾಕಿ: ಸೊಕ್ಕು, ಧಿಮಾಕು, ಸೋಮಾರಿತನ, ಬೇಜವಾಬ್ದಾರಿ, ಬೇಕಂತಲೇ. ಈ "ಬೇಕಂತಲೇ" ಅನ್ನುವುದು ಬಹಳ ಕಳ್ಳ ಪದ, ನಾವು ನೋಡಿಲ್ಲದ್ದನ್ನೂ ನೋಡಿದ ಹಾಗೆ ಮಾಡಿಬಿಡುತ್ತದೆ. ನನ್ನ ವಾಕ್ಯ ಹೀಗೆ ಉಳಿಯಿತು: "ಮೂರು ಸಲ ಹೋದೆ. ಮೂರು ಸಲವೂ ರವಿಕೆ ಸಿಗಲಿಲ್ಲ. ಮೂರು ಸಲವೂ ನಾಳೆ ಅಂದರು." ಕ್ಯಾಮೆರಾ ಇಟ್ಟಿದ್ದರೆ ಅದಕ್ಕೆ ಕಾಣುತ್ತಿದ್ದುದು ಇಷ್ಟೇ. ಸುಳ್ಳ ಅನ್ನುವುದು ನಾನು ಸೇರಿಸಿದ್ದು.

ಆಮೇಲೆ ಮೂರು ಪ್ರಶ್ನೆ

1967ರಲ್ಲಿ ಹೆರಾಲ್ಡ್ ಕೆಲ್ಲಿ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ಮಾದರಿ ಕೊಟ್ಟರು. ಪುಸ್ತಕದಲ್ಲಿ ಅದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ಅಡುಗೆಮನೆ ಭಾಷೆಗೆ ಇಳಿಸಿದರೆ ಉಳಿಯುವುದು ಮೂರು ಪ್ರಶ್ನೆ.

ಒಂದು: ಈ ಜಾಗದಲ್ಲಿ ಬೇರೆಯವರಿದ್ದರೂ ಹೀಗೇ ಮಾಡುತ್ತಿದ್ದರಾ?

ಎರಡು: ಇವರು ಬೇರೆಯವರ ಜೊತೆಯೂ, ಬೇರೆ ವಿಷಯದಲ್ಲೂ ಹೀಗೇನಾ?

ಮೂರು: ಯಾವಾಗಲೂ ಹೀಗೇನಾ, ಇಲ್ಲ ಈಗ ಮಾತ್ರವಾ?

ಅತ್ತೆ ಕೇಳಿದ್ದು ಮೂರನೆಯದು. ಹೋದ ವರ್ಷ ಸಮಯಕ್ಕೆ ಕೊಟ್ಟಿದ್ದರು, ಅಂದರೆ ಯಾವಾಗಲೂ ಹೀಗಲ್ಲ. ಮೊದಲನೆಯದಕ್ಕೆ ಪಕ್ಕದ ಮನೆಯವರೇ ಉತ್ತರ ಕೊಟ್ಟರು. ಅವರು ಬಟ್ಟೆ ಕೊಟ್ಟಿದ್ದು ಬೇರೆ ಬಡಾವಣೆಯ ಟೈಲರ್‌ಗೆ, ಅಲ್ಲೂ ಅದೇ ರಾಗ. ಹಬ್ಬದ ವಾರದಲ್ಲಿ ಊರಿನ ಟೈಲರ್‌ಗಳೆಲ್ಲ ಒಟ್ಟಿಗೆ ಸುಳ್ಳರಾಗಿಬಿಡಲು ಸಾಧ್ಯವಿಲ್ಲ. ಎರಡನೆಯದಕ್ಕೆ ಉತ್ತರ ನನ್ನ ಕಣ್ಣೆದುರೇ ಇತ್ತು, ಅಂಗಡಿ ಮುಂದೆ ನನ್ನ ಹಾಗೆ ಇನ್ನೂ ನಾಲ್ವರು ನಿಂತಿದ್ದರು. ಬೇರೆಯವರೂ ಹಾಗೇ ಮಾಡುತ್ತಾರೆ, ಇವರು ಎಲ್ಲ ಗಿರಾಕಿಗಳಿಗೂ ಹಾಗೇ ಮಾಡುತ್ತಾರೆ, ಆದರೆ ಎಲ್ಲ ಕಾಲದಲ್ಲೂ ಅಲ್ಲ. ಹಾಗಿದ್ದರೆ ಕಾರಣ ಇರುವುದು ಆ ವಾರದಲ್ಲಿ.

ಉತ್ತರ ತಿರುವುಮುರುವಾದರೆ ಬೆರಳೂ ಬೇರೆ ಕಡೆ ತಿರುಗುತ್ತದೆ. ಬೇರೆ ಯಾರೂ ಹಾಗೆ ಮಾಡುವುದಿಲ್ಲ, ಇವರು ಎಲ್ಲರ ಜೊತೆಯೂ ಹಾಗೇ, ಯಾವಾಗಲೂ ಹಾಗೇ ಅಂತಾದರೆ, ಸರಿ, ಅದು ಆ ಮನುಷ್ಯನದೇ.

ಎರಡನೇ ಪ್ರಶ್ನೆ ಕೆಲವು ಸಲ ನಮ್ಮ ಕಡೆಗೇ ತಿರುಗುತ್ತದೆ. ನನ್ನ ಪರಿಚಯದ ಹಿರಿಯರೊಬ್ಬರಿಗೆ ಸೊಸೆಯ ಮೇಲೆ ಕೋಪ. ವಾಟ್ಸಾಪ್‌ನಲ್ಲಿ ಎರಡು ನೀಲಿ ಗೆರೆ ಬೀಳುತ್ತವೆ, ಉತ್ತರ ಮಾತ್ರ ಬರುವುದಿಲ್ಲ. ಬೇರೆಯವರಿಗೂ ಹೀಗೇನಾ ಅಂತ ಕೇಳಿದರೆ, ಇಲ್ಲ, ನಾದಿನಿಗೆ, ಓರಗಿತ್ತಿಗೆ ಎಲ್ಲ ತಕ್ಷಣ ಉತ್ತರ ಹೋಗುತ್ತದೆ. "ನೋಡಿದೆಯಾ, ನಾನಂದ್ರೆ ಅಷ್ಟು ತಾತ್ಸಾರ" ಅಂದರು. ಫೋನ್ ಇಸಿದುಕೊಂಡು ಮೇಲಕ್ಕೆ ಸರಿಸುತ್ತಾ ಹೋದೆ. ದಿನಾ ಬೆಳಿಗ್ಗೆ ಐದೂವರೆಗೆ ಗುಲಾಬಿ ಹೂವಿನ ಶುಭೋದಯ, ಮಧ್ಯಾಹ್ನ ಬಿಪಿಗೆ ಮನೆಮದ್ದು, ರಾತ್ರಿ ದೇವರ ಚಿತ್ರ. ಅದರಲ್ಲಿ ಪ್ರಶ್ನೆಯೇ ಇಲ್ಲ, ಉತ್ತರ ಎಲ್ಲಿಂದ ಬರಬೇಕು? "ಭಾನುವಾರ ಊಟಕ್ಕೆ ಬರ್ತೀರಾ?" ಅಂತ ಕಳಿಸಿ ನೋಡಿ ಅಂದೆ. ಎರಡು ನಿಮಿಷದಲ್ಲಿ "ಬರ್ತೀವಿ ಅತ್ತೆ, ನಾನೇ ಪಾಯಸ ಮಾಡ್ಕೊಂಡು ಬರ್ತೀನಿ" ಅಂತ ಬಂತು.

ಒಂದು ಎಚ್ಚರಿಕೆ. ಈ ಮೂರು ಪ್ರಶ್ನೆಗೆ ಉತ್ತರ ನಮ್ಮ ಹತ್ತಿರ ಸಾಮಾನ್ಯವಾಗಿ ಇರುವುದೇ ಇಲ್ಲ. ಮೇಷ್ಟ್ರನ್ನು ತರಗತಿಯಲ್ಲಿ ಮಾತ್ರ ನೋಡಿರುತ್ತೇವೆ, ನರ್ಸನ್ನು ವಾರ್ಡಿನಲ್ಲಿ ಮಾತ್ರ, ಮ್ಯಾನೇಜರನ್ನು ತಿಂಗಳ ಕೊನೆಯಲ್ಲಿ ಮಾತ್ರ. ಒಂದು ಕಿಟಕಿಯಿಂದ ನೋಡಿದ್ದನ್ನೇ ಇಡೀ ಮನೆ ಅಂದುಕೊಳ್ಳುತ್ತೇವೆ. ಒಂದೇ ಸಲ ನೋಡಿದ್ದಾದರೆ ಅಲ್ಲಿ ಮೂರನೇ ಪ್ರಶ್ನೆಗೆ ಜಾಗವೇ ಇಲ್ಲ. ಆಗ ತೀರ್ಪನ್ನು ಮುಂದೂಡುವುದೊಂದೇ ಪ್ರಾಮಾಣಿಕ ದಾರಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು.

ಗಡಿಯಾರ ನೋಡಿ

ಪರಿಸ್ಥಿತಿ ಅಂದರೆ ಏನೋ ದೊಡ್ಡ ಕಷ್ಟ, ಸಾವು, ಸಾಲ ಇರಬೇಕು ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಬರೀ ಆತುರ.

1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಕಟಿಸಿದ ಒಂದು ಪ್ರಯೋಗ ಇದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳು. ಪಕ್ಕದ ಕಟ್ಟಡಕ್ಕೆ ಹೋಗಿ ಸಣ್ಣದೊಂದು ಉಪನ್ಯಾಸ ಕೊಡಿ ಅಂತ ಅವರಿಗೆ ಹೇಳಲಾಯಿತು. ಅರ್ಧ ಜನರಿಗೆ ಕೊಟ್ಟ ವಿಷಯ ಬೈಬಲ್‌ನ ಒಳ್ಳೆಯ ಸಮಾರ್ಯದವನ ಸಾಮತಿ, ಅಂದರೆ ನೀತಿಕಥೆ: ದಾರಿಯಲ್ಲಿ ಪೆಟ್ಟುತಿಂದು ಬಿದ್ದವನನ್ನು ಪುರೋಹಿತ ನೋಡಿಯೂ ಹಾದುಹೋಗುತ್ತಾನೆ, ಪರಜಾತಿಯವನೊಬ್ಬ ನಿಂತು ಉಪಚರಿಸುತ್ತಾನೆ. ಹೋಗುವ ದಾರಿಯ ಬಾಗಿಲಲ್ಲಿ ಒಬ್ಬ ಮನುಷ್ಯ ಮುದುಡಿ ಕೂತು ಕೆಮ್ಮುತ್ತಾ ನರಳುತ್ತಿದ್ದ. ಸಮಯ ಇದೆ ಅಂತ ಹೇಳಿಸಿಕೊಂಡವರಲ್ಲಿ ಶೇ. 63 ಮಂದಿ ಅವನಿಗೆ ಏನಾದರೊಂದು ಸಹಾಯ ಮಾಡಿದರು. ಸ್ವಲ್ಪ ಆತುರ ಇದ್ದವರಲ್ಲಿ ಶೇ. 45. "ಆಗಲೇ ತಡವಾಗಿದೆ, ಓಡಿ" ಅಂತ ಹೇಳಿಸಿಕೊಂಡವರಲ್ಲಿ ಶೇ. 10. ತಲೆಯಲ್ಲಿ ಆ ಸಾಮತಿಯೇ ತುಂಬಿಕೊಂಡಿದ್ದರೂ ಅದು ಹೇಳಿಕೊಳ್ಳುವಂಥ ವ್ಯತ್ಯಾಸ ಮಾಡಲಿಲ್ಲ. ಕೆಲವರು ಆ ಮನುಷ್ಯನನ್ನು ದಾಟಿಕೊಂಡೇ ಹೋದರು.

ಇದನ್ನು ಮೊದಲು ಓದಿದಾಗ ಆ ಹುಡುಗರ ಬಗ್ಗೆ ನನಗೆ ಅಸಹ್ಯ ಆಗಿತ್ತು. ಆಮೇಲೆ ತಿಳಿಯಿತು, ಆ ಅಸಹ್ಯವೇ ಪ್ರಯೋಗ ತೋರಿಸಲು ಹೊರಟಿದ್ದ ತಪ್ಪು. ಎಲ್ಲ ಹುಡುಗರೂ ಒಂದೇ ಕಡೆಯಿಂದ ಬಂದವರು, ಬದಲಾಗಿದ್ದು ಗಡಿಯಾರ ಮಾತ್ರ. ಇದನ್ನೇ ಸ್ಟ್ಯಾನ್‌ಫರ್ಡ್‌ನ ಲೀ ರಾಸ್ 1977ರಲ್ಲಿ, ಕಾರಣ ಹಚ್ಚುವುದರಲ್ಲಿ ಮನುಷ್ಯ ಮಾಡುವ ಮೂಲಭೂತ ತಪ್ಪು ಎಂದು ಕರೆದರು: ಪರಿಸ್ಥಿತಿಯ ತೂಕ ಇಳಿಸಿ, ಸ್ವಭಾವದ ತೂಕ ಏರಿಸುವುದು.

ಹಾಗಾಗಿ ಬಸ್ಸಿನಲ್ಲಿ ಕಂಡಕ್ಟರ್ ಸಿಡುಕಿದರೆ ಮುಂದಿನ ಸ್ಟಾಪು ಎಷ್ಟು ಹತ್ತಿರ ಇದೆ, ಇನ್ನೂ ಎಷ್ಟು ಟಿಕೆಟ್ ಬಾಕಿ ಇದೆ ನೋಡಿ. ಕೌಂಟರಿನಲ್ಲಿ ಗುಮಾಸ್ತ ಮುಖ ಕೊಡದಿದ್ದರೆ ನಿಮ್ಮ ಹಿಂದಿನ ಸಾಲು ನೋಡಿ. ನೋಡಿದರೆ ಸಿಡುಕು ಸಿಹಿಯಾಗುವುದಿಲ್ಲ ನಿಜ, ನೀವು ಮನೆವರೆಗೂ ಹೊತ್ತುಕೊಂಡು ಹೋಗುವುದು ತಪ್ಪುತ್ತದೆ.

'ನಮ್ಮವರು' ಬಂದಾಗ ತಕ್ಕಡಿ ಪರೀಕ್ಷಿಸಿ

ಇಲ್ಲಿ ನಮ್ಮ ಊರಿನ ವಿಷಯ ಬರುತ್ತದೆ. ಜೋನ್ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞೆ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಕಾಗೋದ ಅಮೆರಿಕನ್ನರನ್ನೂ ಮೈಸೂರಿನ ಹಿಂದೂಗಳನ್ನೂ ಹೋಲಿಸಿದರು. ಎಂಟು, ಹನ್ನೊಂದು, ಹದಿನೈದು ವರ್ಷದ ಮಕ್ಕಳು, ಜೊತೆಗೆ ದೊಡ್ಡವರು. ನಿಮಗೆ ಗೊತ್ತಿರುವವರು ಮಾಡಿದ ಒಳ್ಳೆಯ ಕೆಲಸ, ಕೆಟ್ಟ ಕೆಲಸ ಹೇಳಿ, ಯಾಕೆ ಮಾಡಿದರು ಅಂತಲೂ ಹೇಳಿ ಅಂತ ಕೇಳಿದರು. ಎಂಟರ ಮಕ್ಕಳಲ್ಲಿ ಎರಡು ಊರಿಗೂ ಹೆಚ್ಚಿನ ವ್ಯತ್ಯಾಸ ಇರಲಿಲ್ಲ. ವಯಸ್ಸು ಏರಿದ ಹಾಗೆ ಶಿಕಾಗೋದವರು "ಅವನ ಸ್ವಭಾವ" ಅನ್ನುವ ಕಡೆ ವಾಲಿದರು, ಮೈಸೂರಿನವರು "ಆಗ ಹಾಗಿತ್ತು ಪರಿಸ್ಥಿತಿ" ಅನ್ನುವ ಕಡೆ.

ಮೈಸೂರಿನವರೊಬ್ಬರು ಹೇಳಿದ ಪ್ರಸಂಗ ಅದರಲ್ಲಿದೆ. ಒಬ್ಬ ವಕೀಲ ಮೋಟರ್‌ಸೈಕಲ್‌ನಲ್ಲಿ ಹೋಗುವಾಗ ಹಿಂದಿನ ಚಕ್ರ ಸಿಡಿದು, ಹಿಂದೆ ಕೂತವನು ಬಿದ್ದು ತಲೆಗೆ ಪೆಟ್ಟಾಯಿತು. ವಕೀಲ ಅವನನ್ನು ಆಸ್ಪತ್ರೆಗೆ ಸೇರಿಸಿ, ಪೆಟ್ಟು ಎಷ್ಟು ಗಂಭೀರ ಅಂತ ವೈದ್ಯರನ್ನು ವಿಚಾರಿಸದೆ, ತನ್ನ ಕೇಸಿಗಾಗಿ ಕೋರ್ಟಿಗೆ ಹೋದ. ಗಾಯಾಳು ತೀರಿಕೊಂಡ. ಅಮೆರಿಕನ್ನರ ಕಣ್ಣಿಗೆ ವಕೀಲ ಬೇಜವಾಬ್ದಾರಿ ಮನುಷ್ಯ. ಇಲ್ಲಿಯವರು ಅವನಿಗೆ ಕೋರ್ಟಿನಲ್ಲಿ ಕಕ್ಷಿದಾರನ ಕಡೆಗೂ ಕರ್ತವ್ಯ ಇತ್ತು, ಗಾಬರಿಯೂ ಆಗಿರಬೇಕು, ಪೆಟ್ಟು ಅಷ್ಟು ದೊಡ್ಡದು ಅಂತ ಕಂಡಿರಲಿಕ್ಕಿಲ್ಲ ಅಂದರು.

ಮೈಸೂರಿನವಳಾಗಿ ಇದನ್ನು ಓದಿದಾಗ ಎದೆ ಉಬ್ಬುತ್ತದೆ. ನಾವು ಎಷ್ಟು ತಿಳಿವಳಿಕಸ್ಥರು! ಸ್ವಲ್ಪ ತಾಳಿ. ಅದಕ್ಕೂ ಹತ್ತು ವರ್ಷ ಮುಂಚೆ, 1974ರಲ್ಲಿ, ಡೊನಾಲ್ಡ್ ಟೇಲರ್ ಮತ್ತು ವೈಷ್ಣಾ ಜಗ್ಗಿ ಇದೇ ದಕ್ಷಿಣ ಭಾರತದಲ್ಲಿ ಇನ್ನೊಂದು ಅಧ್ಯಯನ ಮಾಡಿದ್ದರು. ಹಿಂದೂ ಗುಮಾಸ್ತರಿಗೆ ಕೆಲವು ಸಣ್ಣ ಸಣ್ಣ ಪ್ರಸಂಗ ಕೊಟ್ಟು ಕಾರಣ ಕೇಳಿದರು. ಕೆಲವು ಪ್ರಸಂಗಗಳಲ್ಲಿ ನಡೆದುಕೊಂಡವನು ಹಿಂದೂ, ಕೆಲವುಗಳಲ್ಲಿ ಮುಸ್ಲಿಂ. ಹಿಂದೂ ಒಳ್ಳೆಯದು ಮಾಡಿದರೆ ಅದು ಅವನ ಗುಣ, ಕೆಟ್ಟದ್ದು ಮಾಡಿದರೆ ಪರಿಸ್ಥಿತಿ. ಮುಸ್ಲಿಂ ವಿಷಯದಲ್ಲಿ ತಕ್ಕಡಿ ಹಾಗೆ ತೂಗಲಿಲ್ಲ, ಅವನು ಕೆಟ್ಟದ್ದು ಮಾಡಿದರೆ ಗುಣ, ಒಳ್ಳೆಯದು ಮಾಡಿದರೆ ಪರಿಸ್ಥಿತಿ.

ಎರಡು ಅಧ್ಯಯನಗಳನ್ನೂ ಒಟ್ಟಿಗೆ ಇಟ್ಟುಕೊಂಡರೆ ನನಗೆ ಕಾಣುವುದು ಇದು. ಪರಿಸ್ಥಿತಿ ನೋಡುವ ಕಣ್ಣು ನಮಗಿದೆ, ಅದನ್ನು ಯಾರಿಗೆ ತೆರೆಯುತ್ತೇವೆ ಅನ್ನುವುದರಲ್ಲಿ ಪಂಕ್ತಿಭೇದ ಮಾಡುತ್ತೇವೆ. ಮಗಳು ಗಂಡನ ಮನೆಯಲ್ಲಿ ತಡವಾಗಿ ಎದ್ದರೆ "ಪಾಪ, ಆಫೀಸು ಕೆಲಸ, ಸುಸ್ತು". ಸೊಸೆ ಎದ್ದರೆ "ಬೆಳೆಸಿದ ರೀತಿ". ನಮ್ಮೂರ ಹುಡುಗ ಬೆಂಗಳೂರಿನಲ್ಲಿ ಸಿಗ್ನಲ್ ಹಾರಿಸಿದರೆ ಅವಸರ, ಹೊರರಾಜ್ಯದ ನೋಂದಣಿಯ ಗಾಡಿ ಹಾರಿಸಿದರೆ "ಇವರೇ ಹೀಗೆ". ಕೆಲಸದವಳು ರಜೆ ಹಾಕಿದರೆ ನೆಪ, ನಾನು ಹಾಕಿದರೆ ಮೈಗೆ ಹುಷಾರಿಲ್ಲ.

ಇಲ್ಲಿ ಮಾಡಬೇಕಾದ್ದು ಒಂದೇ ಕೆಲಸ, ಹೆಸರು ಬದಲಾಯಿಸಿ ನೋಡುವುದು. ಅದೇ ವಾಕ್ಯ, ಅದೇ ಘಟನೆ, ಕರ್ತೃವಿನ ಜಾಗದಲ್ಲಿ ನಿಮ್ಮ ತಮ್ಮನದೋ ಮಗಳದೋ ಹೆಸರು ಇಡಿ. ಕಾರಣ ಬದಲಾಯಿತೇ? ಬದಲಾದರೆ ಮೊದಲು ಕೊಟ್ಟ ಕಾರಣ ಘಟನೆಯಿಂದ ಬಂದದ್ದಲ್ಲ, ಹೆಸರಿನಿಂದ ಬಂದದ್ದು. ನಾನು ಈ ಪರೀಕ್ಷೆಯಲ್ಲಿ ವಾರಕ್ಕೊಂದು ಸಲವಾದರೂ ನಪಾಸಾಗುತ್ತೇನೆ.

"ಯಾಕೆ" ಬಿಡಿ, "ಏನಾಯ್ತು" ಕೇಳಿ

ಕಾರಣ ಗೊತ್ತಿಲ್ಲದಿದ್ದರೆ ಕೇಳಬೇಕು, ಇದು ಎಲ್ಲರಿಗೂ ಗೊತ್ತು. ಹೇಗೆ ಕೇಳುತ್ತೇವೆ ಅನ್ನುವುದರ ಮೇಲೆ ಉತ್ತರ ನಿಂತಿದೆ. "ಯಾಕೆ ಲೇಟು?" ಅನ್ನುವುದು ನಮ್ಮಲ್ಲಿ ಪ್ರಶ್ನೆಯಲ್ಲ, ಗದರಿಕೆ. ಗದರಿಕೆಗೆ ಬರುವುದು ನೆಪ ಮಾತ್ರ. "ನೀವು ಯಾವಾಗಲೂ ಹೀಗೇ" ಅಂತ ಶುರುಮಾಡಿದರೆ ನೆಪವೂ ಬರುವುದಿಲ್ಲ.

ನಾಲ್ಕನೇ ಸಲ ಟೈಲರ್ ಅಂಗಡಿಗೆ ಹೋದಾಗ ಸಂಜೆ ಏಳೂವರೆ. ಜನ ಕರಗಿದ್ದರು. "ನನ್ನ ರವಿಕೆ ಈಗ ಎಲ್ಲಿ ನಿಂತಿದೆ ಅಣ್ಣ? ಕಟ್ಟಿಂಗ್ ಆಗಿದೆಯಾ?" ಅಂತ ಕೇಳಿದೆ. ಆತ ಮೊದಲ ಸಲ ಮೆಷಿನ್ ನಿಲ್ಲಿಸಿದರು. ಪಕ್ಕದ ಕಪಾಟು ತೆಗೆದು ತೋರಿಸಿದರು. ನನ್ನವು ಎರಡೂ ಅಲ್ಲೇ ಇದ್ದವು. ಲೈನಿಂಗ್ ಕೊಟ್ಟು ಹೊಲಿದಾಗಿತ್ತು, ತೋಳೂ ಕೂತಿತ್ತು. ಹಾಗೆಯೇ ಹೊಲಿದು ಮಡಚಿಟ್ಟ ಹದಿನೆಂಟೋ ಇಪ್ಪತ್ತೋ ರವಿಕೆ ಅವುಗಳ ಕೆಳಗೆ. "ಹುಕ್ಕು, ಕಾಜಾ, ಹೆಮ್ಮಿಂಗ್ ಎಲ್ಲ ಹಿಂದಿನ ಬೀದಿ ಅಮ್ಮ ಒಬ್ಬರು ಮಾಡಿಕೊಡೋದು ಅಕ್ಕ. ಕೈಕೆಲಸ. ಅವರ ಮಗಳ ಬಾಣಂತನ, ಹದಿನೈದು ದಿನದಿಂದ ಊರಲ್ಲೇ ಇಲ್ಲ. ಬೇರೆಯವರಿಗೆ ಕೊಟ್ಟೆ, ಅವರು ದಿನಕ್ಕೆ ನಾಲ್ಕು ಮಾಡಿದ್ರೆ ಹೆಚ್ಚು. ನಾಳೆ ಬಂದ್ಬಿಡ್ತಾರೆ, ನಾಳೆ ಬಂದ್ಬಿಡ್ತಾರೆ ಅಂತ ನಾನೂ ಕಾಯ್ತಾ ಇದೀನಿ."

ಆ "ನಾಳೆ" ನನಗೆ ಹೇಳಿದ ಸುಳ್ಳಲ್ಲ, ಅವರು ತಮಗೇ ಹೇಳಿಕೊಳ್ಳುತ್ತಿದ್ದ ಮಾತು. "ಹುಕ್ಕು ನಾನೇ ಹಾಕ್ಕೋತೀನಿ, ಹಾಗೇ ಕೊಡಿ" ಅಂದೆ. ಸಣ್ಣ ಕಾಗದದ ಪೊಟ್ಟಣದಲ್ಲಿ ಒಂದು ಡಜನ್ ಹುಕ್ಕು, ಬಣ್ಣಕ್ಕೆ ಹೊಂದುವ ದಾರ ಕೊಟ್ಟರು. ಮೂವತ್ತು ರೂಪಾಯಿ ಕಡಿಮೆಯನ್ನೂ ಮಾಡಿದರು. ರಾತ್ರಿ ಧಾರಾವಾಹಿ ಮುಗಿಯುವಷ್ಟರಲ್ಲಿ ನಾನೊಂದು, ಅತ್ತೆಯೊಂದು ಮುಗಿಸಿದೆವು. ಮೊದಲೇ ಹೇಳಿದ ಹಿಡಿ ಅಂದರೆ ಇದು, ಎಲ್ಲಿ ನಿಂತಿದೆ ಅಂತ ಗೊತ್ತಾದರೆ ಅಲ್ಲಿಂದ ಎತ್ತಬಹುದು.

ಹೀಗೆ ಕೇಳುವುದನ್ನು ಮನೆಯಲ್ಲೂ ಆಫೀಸಿನಲ್ಲೂ ಬಳಸಿ ನೋಡಿ. "ಯಾಕೆ ಮುಗಿಸಿಲ್ಲ?" ಅನ್ನುವ ಬದಲು "ಎಲ್ಲಿವರೆಗೆ ಬಂದಿದೆ?". "ಯಾಕೆ ಫೋನ್ ಎತ್ತಲಿಲ್ಲ?" ಅನ್ನುವ ಬದಲು "ಆಗ ಎಲ್ಲಿದ್ದೆ?" ಅಂತಲೂ ಬೇಡ, ಅದು ಪೊಲೀಸರ ಮಾತು. "ಫೋನ್ ಮಾಡಿದ್ದೆ, ಏನಾಯ್ತು?" ಸಾಕು.

ಅದೇ ಪ್ರಶ್ನೆ ನಿಮಗೂ

ಹಣ ಕೊಡುವಾಗ ಆತ ಬಿಲ್ ಪುಸ್ತಕ ತೆಗೆದರು. ನನ್ನ ಹೆಸರಿನ ಮುಂದಿನ ತಾರೀಕು ನೋಡಿದೆ. ಬಟ್ಟೆ ಕೊಟ್ಟು ಹನ್ನೊಂದು ದಿನ ಆಗಿತ್ತು. ಮೂರು ವಾರ ಅಂತ ಅತ್ತೆಗೆ, ಪಕ್ಕದ ಮನೆಯವರಿಗೆ, ಅಂಗಡಿ ಮುಂದೆ ನಿಂತವರಿಗೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ! ಮೂರು ವಾರದ ಹಿಂದೆ ಆಗಿದ್ದು ಸೀರೆ ಖರೀದಿ. ಬ್ಲೌಸ್ ಪೀಸ್ ಕತ್ತರಿಸಿ ಕೊಡಲು ನಾನೇ ಹತ್ತು ದಿನ ತೆಗೆದುಕೊಂಡಿದ್ದೆ. ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಪಟ್ಟಿಯೇ ಇದೆ: ಮಗಳ ಪರೀಕ್ಷೆ, ಆಫೀಸಿನ ಆಡಿಟ್, ಮಳೆ. ಎಲ್ಲವೂ ನಿಜ. ಎಲ್ಲವೂ ಪರಿಸ್ಥಿತಿ.

ಪಠ್ಯಪುಸ್ತಕಗಳು ಬಹಳ ಕಾಲ ಹೇಳಿಕೊಂಡು ಬಂದಿದ್ದು, ನಾವು ನಮ್ಮದಕ್ಕೆ ಯಾವಾಗಲೂ ಪರಿಸ್ಥಿತಿಯನ್ನೂ ಇತರರದಕ್ಕೆ ಯಾವಾಗಲೂ ಸ್ವಭಾವವನ್ನೂ ಕಾರಣ ಮಾಡುತ್ತೇವೆ ಅಂತ. 2006ರಲ್ಲಿ ಬರ್ಟ್ರಾಮ್ ಮಾಲೆ 173 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಆ ಸರಳ ಸೂತ್ರ ನಿಲ್ಲಲಿಲ್ಲ, ಒಟ್ಟಾರೆ ವ್ಯತ್ಯಾಸ ಇಲ್ಲವೆನ್ನುವಷ್ಟು ಸಣ್ಣದು. ಆದರೆ ಕೆಟ್ಟದ್ದು ನಡೆದಾಗ ಸೂತ್ರ ನಿಜವಾಗುತ್ತದೆ, ಒಳ್ಳೆಯದು ನಡೆದಾಗ ತಲೆಕೆಳಗಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚೆನ್ನಾಗಿ ಕುಣಿದ ದಿನ ಅವಳು ನೆಲಕ್ಕೆ ಕೃತಜ್ಞತೆ ಹೇಳಿದ ಗಾದೆ ಮಾತ್ರ ಎಲ್ಲೂ ಇಲ್ಲ.

ಆದ್ದರಿಂದ ನಿಮ್ಮ ವಿಷಯಕ್ಕೆ ಬಂದಾಗ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಕೇಳಿಕೊಳ್ಳಿ. ತಪ್ಪಾದಾಗ: ಇದೇ ಪರಿಸ್ಥಿತಿಯಲ್ಲಿ ಬೇರೆ ಯಾರೂ ನಿಭಾಯಿಸಲಿಲ್ಲವೇ? ಗೆದ್ದಾಗ: ಯಾರು ದಾರಿ ಮಾಡಿಕೊಟ್ಟರು? ಬಡ್ತಿ ಬಂದಾಗ ಈ ಕೊನೆಯ ಪ್ರಶ್ನೆ ಕೇಳಿಕೊಂಡವರನ್ನು ನಾನು ಬೆರಳೆಣಿಕೆಯಷ್ಟು ನೋಡಿದ್ದೇನೆ. ಆ ಬೆರಳುಗಳಲ್ಲಿ ನನ್ನದು ಇಲ್ಲ.

ಮಕ್ಕಳ ಅಂಕಪಟ್ಟಿ ಕೈಗೆ ಬಂದಾಗ

ಇದೊಂದು ಕಡೆ ಮಾತ್ರ ನಾವು ಕಟ್ಟುವ ಕಾರಣ ನಮ್ಮಲ್ಲಿ ಉಳಿಯುವುದಿಲ್ಲ, ಮಗುವಿಗೆ ದಾಟುತ್ತದೆ. "ನಿನಗೆ ಲೆಕ್ಕ ತಲೆಗೆ ಹತ್ತಲ್ಲ, ನಿಮ್ಮಪ್ಪನಿಗೂ ಹತ್ತುತ್ತಿರಲಿಲ್ಲ" ಅಂದರೆ, ಕಾರಣ ಮಗುವಿನ ಒಳಗಿದೆ, ಅದು ಬದಲಾಗುವುದಿಲ್ಲ, ಅದರ ಮೇಲೆ ಅವನ ಹಿಡಿತ ಇಲ್ಲ ಅಂತ ಮೂರು ಮೊಳೆ ಒಟ್ಟಿಗೆ ಹೊಡೆದ ಹಾಗೆ. ಬರ್ನಾರ್ಡ್ ವೀನರ್ ಅನ್ನುವ ಮನಶ್ಶಾಸ್ತ್ರಜ್ಞ ಸೋಲು ಗೆಲುವಿನ ಕಾರಣಗಳನ್ನು ವಿಂಗಡಿಸಿದ್ದೇ ಹೀಗೆ: ಒಳಗಿನದೋ ಹೊರಗಿನದೋ, ಸ್ಥಿರವೋ ಬದಲಾಗುವಂಥದ್ದೋ, ನಮ್ಮ ಕೈಯಲ್ಲಿದೆಯೋ ಇಲ್ಲವೋ. ಹಣೆಬರಹ ಅನ್ನುವುದನ್ನೂ ಇದರಲ್ಲಿ ಇಟ್ಟು ನೋಡಿ, ಹೊರಗಿನದು, ಸ್ಥಿರ, ಕೈಯಲ್ಲಿಲ್ಲ. ನೋವಾದಾಗ ಸಮಾಧಾನಕ್ಕೆ ಒಳ್ಳೆಯದು, ಪೂರಕ ಪರೀಕ್ಷೆಗೆ ಓದಲು ಅಲ್ಲ.

1982ರಲ್ಲಿ ಟಿಮೊತಿ ವಿಲ್ಸನ್ ಮತ್ತು ಪೆಟ್ರೀಶಿಯಾ ಲಿನ್‌ವಿಲ್ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, ಅಂಕದ ಚಿಂತೆಯಲ್ಲಿದ್ದ ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ಮಾಡಿದ ಪುಟ್ಟ ಪ್ರಯೋಗವೊಂದಿದೆ. ಮೊದಲ ವರ್ಷ ಅಂಕ ಕಡಿಮೆ ಬರುವುದು ಸಾಮಾನ್ಯ, ಆಮೇಲೆ ಏರುತ್ತದೆ ಅಂತ ಹಿರಿಯ ವಿದ್ಯಾರ್ಥಿಗಳು ತಮ್ಮ ಅನುಭವ ಹೇಳುವ ವಿಡಿಯೋ ತೋರಿಸಿದರು. ಅಷ್ಟೇ. ಅದನ್ನು ನೋಡಿದವರಲ್ಲಿ ಕಾಲೇಜು ಬಿಟ್ಟವರು ಕಡಿಮೆಯಾದರು, ಅಂಕವೂ ಏರಿತು. ಸಣ್ಣ ಗುಂಪು, ಅದನ್ನು ಮಂತ್ರ ಅಂತ ತಿಳಿಯಬೇಡಿ. ಆದರೆ ಕಾರಣವನ್ನು "ನಾನು ದಡ್ಡ" ಅನ್ನುವಲ್ಲಿಂದ "ಮೊದಲ ವರ್ಷ ಹೀಗೇ" ಅನ್ನುವಲ್ಲಿಗೆ ಸರಿಸಿದ್ದು ಬಿಟ್ಟರೆ ಅವರು ಬೇರೇನೂ ಮಾಡಿರಲಿಲ್ಲ.

ಇದನ್ನೇ ಹಿಡಿದುಕೊಂಡು ಎಲ್ಲಕ್ಕೂ "ನೀನು ಕಷ್ಟಪಡಲಿಲ್ಲ" ಅನ್ನುವುದು ಇನ್ನೊಂದು ತಪ್ಪು. ರಾತ್ರಿ ಹನ್ನೊಂದರವರೆಗೆ ಕೂತು ಓದಿದ ಮಗುವಿಗೆ ಹಾಗೆ ಹೇಳಿದರೆ ಅದಕ್ಕೆ ಉಳಿಯುವ ಅರ್ಥ ಒಂದೇ, ಕಷ್ಟಪಟ್ಟರೂ ಬರದಷ್ಟು ದಡ್ಡ ನಾನು. ಉತ್ತರಪತ್ರಿಕೆ ಜೊತೆಗಿಟ್ಟುಕೊಂಡು ಕೂರಿ. ಯಾವ ಲೆಕ್ಕದಲ್ಲಿ, ಯಾವ ಸಾಲಿನಲ್ಲಿ ಜಾರಿತು? ನನ್ನ ಮಗಳು ಬೀಜಗಣಿತದಲ್ಲಿ ದಡ್ಡಿ ಅಂತ ನಾವೆಲ್ಲ ಒಪ್ಪಿಕೊಂಡಿದ್ದೆವು. ಕೂತು ನೋಡಿದರೆ ಅವಳು ಪ್ರತಿ ಸಲ ಕಳೆಯುವ ಚಿಹ್ನೆ ಇರುವ ಆವರಣ ಬಿಡಿಸುವಾಗ ಎರಡನೇ ಪದದ ಚಿಹ್ನೆ ಬದಲಾಯಿಸುತ್ತಿರಲಿಲ್ಲ. ದಡ್ಡತನದ ಹೆಸರಿನಲ್ಲಿ ಎರಡು ವರ್ಷ ಹೊತ್ತಿದ್ದು ಒಂದು ಸಣ್ಣ ಗೆರೆಯನ್ನು.

ನಿಜಕ್ಕೂ ಅವರದೇ ತಪ್ಪಾದರೆ

ಇಷ್ಟೆಲ್ಲ ಓದಿ, ಹಾಗಾದರೆ ಯಾರದೂ ತಪ್ಪೇ ಇಲ್ಲವೇ ಅಂದುಕೊಳ್ಳಬೇಡಿ. ಕಾರಣ ತಿಳಿಯುವುದು ಬೇರೆ, ಕ್ಷಮಿಸುವುದು ಬೇರೆ. ಮನೆಯಲ್ಲಿ ಕೈ ಎತ್ತುವವನ ವಿಷಯದಲ್ಲಿ "ಆಫೀಸಿನಲ್ಲಿ ಒತ್ತಡ ಇರಬೇಕು" ಅಂತ ಪರಿಸ್ಥಿತಿ ಹುಡುಕುತ್ತಾ ಕೂರುವ ಜವಾಬ್ದಾರಿ ಪೆಟ್ಟು ತಿಂದವಳದ್ದಲ್ಲ. ಒತ್ತಡ ಇರುವ ಲಕ್ಷ ಗಂಡಸರು ಹೊಡೆಯುವುದಿಲ್ಲ. ಅವನೂ ಆಫೀಸಿನಲ್ಲಿ ಮೇಲಧಿಕಾರಿಯನ್ನು ಹೊಡೆಯುವುದಿಲ್ಲ. ಅಂದರೆ ಕೈ ತಡೆದುಕೊಳ್ಳುವುದು ಅವನಿಗೆ ಗೊತ್ತು, ಎರಡನೇ ಪ್ರಶ್ನೆ ಇಲ್ಲಿ ಪೆಟ್ಟು ತಿಂದವಳ ಕಡೆ ತಿರುಗುವುದಿಲ್ಲ. ಅಲ್ಲಿ ಮೊದಲು ಸುರಕ್ಷಿತ ಜಾಗ, ವಿಶ್ಲೇಷಣೆ ಆಮೇಲೆ.

ಸಣ್ಣ ವಿಷಯಗಳಲ್ಲೂ ಮೂರು ಪ್ರಶ್ನೆ ಕೆಲವು ಸಲ ಮನುಷ್ಯನನ್ನೇ ತೋರಿಸುತ್ತವೆ. ಚಿಕ್ಕಮ್ಮನ ಮಗನೊಬ್ಬ ನನಗೆ ಸಾಲಕ್ಕೆ ಫೋನ್ ಮಾಡುತ್ತಿರುತ್ತಾನೆ. ಸಂಬಂಧಿಕರಲ್ಲಿ ಕೈಸಾಲ ತೆಗೆದುಕೊಂಡ ಉಳಿದವರೆಲ್ಲ ನಿಧಾನಕ್ಕಾದರೂ ತೀರಿಸಿದ್ದಾರೆ. ಇವನು ನನಗೊಬ್ಬಳಿಗೇ ಅಲ್ಲ, ಭಾವನಿಗೂ, ಅಂಗಡಿಯ ಶೆಟ್ಟರಿಗೂ ಬಾಕಿ. ಕೆಲಸ ಇದ್ದಾಗಲೂ ಹಾಗೇ, ಇಲ್ಲದಾಗಲೂ ಹಾಗೇ. ಮೂರೂ ಬೆರಳು ಒಂದೇ ಕಡೆ.

ಹೋದ ತಿಂಗಳು ಫೋನ್ ಬಂದಾಗ ಗುಣದ ಸುದ್ದಿ ಎತ್ತಲಿಲ್ಲ. ಲೆಕ್ಕ ಮಾತ್ರ ಹೇಳಿದೆ. "ಹಿಂದಿನ ಎಂಟು ಸಾವಿರ ಬರಲಿ ಕಣೋ, ಆಮೇಲೆ ಮಾತಾಡೋಣ." ಅವನು ಸರಿ ಅಕ್ಕ ಅಂತ ಇಟ್ಟ. ಎರಡು ದಿನ ಬಿಟ್ಟು ಚಿಕ್ಕಮ್ಮ ಫೋನ್ ಮಾಡಿದ್ದರು. ನನಗೆ ದುಡ್ಡು ಬಂದ ಮೇಲೆ ಸೊಕ್ಕು ಬಂದಿದೆಯಂತೆ, ಮೊದಲಿಂದಲೂ ನನ್ನ ಜಾಯಮಾನ ಅಷ್ಟೇ ಅಂತೆ.